ಮೊದಲು ಲೆಕ್ಕ ಹೇಳಮ್ಮ

ನಾನು ರಾಜಕೀಯ ಓದಲು ಕಲಿತದ್ದು ರೇಷ್ಮೆ ಹುಳುವಿನ ತಟ್ಟೆಯಲ್ಲಿ ಎಂದರೆ ನೀವು ನಗಬಹುದು. ಆದರೆ ನಿಜ. 1985ರಲ್ಲಿ ನಾನು ಮದುವೆಯಾಗಿ ಸೂಲಿಬೆಲೆಗೆ ಬಂದಾಗ ನಮ್ಮ ಮಾವನವರ ಮನೆಯಲ್ಲಿ ಮನುಷ್ಯರಿಗಿಂತ ಹುಳುಗಳಿಗೇ ಹೆಚ್ಚು ಜಾಗ. ಬಿದಿರಿನ ತಟ್ಟೆಗೆ ಹಳೆಯ ಪತ್ರಿಕೆ ಹಾಸಿ, ಅದರ ಮೇಲೆ ಮರಿಹುಳು ಬಿಟ್ಟು, ಸಣ್ಣಗೆ ಹೆಚ್ಚಿದ ಹಿಪ್ಪುನೇರಳೆ ಸೊಪ್ಪು ಉದುರಿಸುವುದು ಹೊಸ ಸೊಸೆಯಾದ ನನ್ನ ಪಾಲಿನ ಕೆಲಸ. ಪತ್ರಿಕೆ ಬಂದ ದಿನ ಮಾವನವರ ಕೈಯಲ್ಲಿರುತ್ತಿತ್ತು. ಮರುದಿನ ನಮ್ಮ ಯಜಮಾನರ ಕೈಗೆ ಬರುತ್ತಿತ್ತು. ವಾರ ಕಳೆದ ಮೇಲೆ ಹುಳುಗಳ ಕೆಳಗೆ ಹೋಗುತ್ತಿತ್ತು. ಮನೆಯ ಹೆಂಗಸರ ಸರದಿ ಹುಳುಗಳ ಜೊತೆಯಲ್ಲಿ. ಸೊಪ್ಪು ಉದುರಿಸುವ ಮುಂಚೆ ನಾನು ಎರಡು ನಿಮಿಷ ಬಗ್ಗಿ ನಿಂತು ಓದಿಕೊಳ್ಳುತ್ತಿದ್ದೆ. "ಏನಮ್ಮ, ಹುಳಕ್ಕೆ ಪಾಠ ಹೇಳ್ತಿದ್ಯಾ?" ಎಂದು ಅತ್ತೆ ಒಳಗಿನಿಂದ ಕೂಗುತ್ತಿದ್ದರು.

ಹಾಗೆ ಓದಿದ ಮೊದಲ ದೊಡ್ಡ ಸುದ್ದಿ ರಾಮಕೃಷ್ಣ ಹೆಗಡೆಯವರದು. 1986ರ ಫೆಬ್ರವರಿ. ಸಾರಾಯಿ ಬಾಟಲಿಗೆ ತುಂಬಿಸುವ ಗುತ್ತಿಗೆಯ ವಿಚಾರದಲ್ಲಿ ಹೈಕೋರ್ಟು ಸರ್ಕಾರವನ್ನು ಕಟುವಾಗಿ ಟೀಕಿಸಿತೆಂದು ಮುಖ್ಯಮಂತ್ರಿಗಳು ರಾಜೀನಾಮೆ ಕೊಟ್ಟರು. ಮೂರು ದಿನ ಕಳೆಯುವುದರಲ್ಲಿ ವಾಪಸು ಪಡೆದರು. ಮೌಲ್ಯಾಧಾರಿತ ರಾಜಕಾರಣ ಎಂಬ ಮಾತು ಆಗ ಎಲ್ಲರ ಬಾಯಲ್ಲಿತ್ತು. ನಮ್ಮ ಮಾವನವರಿಗಂತೂ ಹೆಗಡೆಯವರೆಂದರೆ ಪ್ರಾಣ. "ಕುರ್ಚಿ ಬಿಟ್ಟುಕೊಡೋ ಗಂಡಸು ಈ ಕಾಲದಲ್ಲಿ ಯಾರಿದಾನೆ?" ಎಂದು ಎದೆ ಉಬ್ಬಿಸಿ ಹೇಳಿದ್ದರು. ಮೂರನೆಯ ದಿನ ಅತ್ತೆ ಮುದ್ದೆ ತಿರುವುತ್ತಲೇ, "ತವರಿಗೆ ಹೋಗ್ತೀನಿ ಅಂತ ಗಂಟು ಕಟ್ಕೊಂಡು ಹೊರಟೋಳು ಊರಬಾಗಿಲಿಂದ ತಿರುಗಿ ಬಂದಂಗಾಯ್ತು" ಎಂದರು. ಮಾವನವರು ಆ ದಿನ ಎರಡನೆಯ ಮುದ್ದೆ ಹಾಕಿಸಿಕೊಳ್ಳಲಿಲ್ಲ.

ಮತ್ತೆ 1988ರ ಆಗಸ್ಟ್. ಈ ಸಲ ದೂರವಾಣಿ ಕದ್ದಾಲಿಕೆಯ ಹಗರಣ. ರಾಜಕಾರಣಿಗಳ ಟೆಲಿಫೋನ್ ಮಾತನ್ನು ಸರ್ಕಾರ ಕದ್ದು ಕೇಳಿಸಿದೆ ಎಂಬ ಆಪಾದನೆ. ಹೆಗಡೆಯವರು ನಿಜವಾಗಿಯೇ ಕುರ್ಚಿ ಬಿಟ್ಟರು. ಎಸ್. ಆರ್. ಬೊಮ್ಮಾಯಿಯವರು ಮುಖ್ಯಮಂತ್ರಿಯಾದರು. ನಮ್ಮ ಬೀದಿಯಲ್ಲಿ ಆಗ ಯಾರ ಮನೆಯಲ್ಲೂ ಫೋನಿರಲಿಲ್ಲ. "ಕದ್ದು ಕೇಳೋಕೆ ಮಿಷನ್ನು ಯಾಕೆ ಬೇಕು, ನಮ್ಮ ಗೋಡೆಗಳು ಸಾಲ್ದಾ?" ಎಂದು ಪಕ್ಕದ ಮನೆಯವರು ನಗಾಡಿದರು. ನಾನೂ ನಕ್ಕೆ. ಆ ಮಾತಿನ ರುಚಿ ನನಗೇ ತಟ್ಟಲು ಇನ್ನೂ ಹದಿನೈದು ವರ್ಷ ಬೇಕಾಗಿತ್ತು.

ಇನ್ನೊಂದು ಪತ್ರಿಕೆ ನಮ್ಮ ಮನೆಗೆ ಬರುತ್ತಿತ್ತು. ಅದು ಹುಳುವಿನ ತಟ್ಟೆಗೆ ಇಳಿಯುತ್ತಿರಲಿಲ್ಲ, ಮಾವನವರ ಹಾಸಿಗೆಯ ಕೆಳಗಿರುತ್ತಿತ್ತು. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ. ಜಾಹೀರಾತಿಲ್ಲದೆ, ಓದುಗರ ದುಡ್ಡಿನಿಂದಲೇ ನಡೆದ ಪತ್ರಿಕೆ ಅದು. ಮಂತ್ರಿಗಳನ್ನು ಅದು ಬರೆಯುತ್ತಿದ್ದ ಧಾಟಿ ಕಂಡು ನಾನು ಬೆಚ್ಚಿಬಿದ್ದಿದ್ದೆ. ದೊಡ್ಡವರನ್ನು ಹೀಗೂ ಕೇಳಬಹುದೇ? ನಮ್ಮ ಮನೆಯಲ್ಲಿ ಮಾವನವರಿಗೆ ಸಾರಿನಲ್ಲಿ ಉಪ್ಪು ಸರಿಯಿದೆಯೇ ಎಂದು ಕೇಳುವುದಕ್ಕೇ ಬಾಗಿಲ ಹಿಂದೆ ನಿಲ್ಲಬೇಕಿದ್ದ ಕಾಲ. ಹೆಣ್ಣುಮಕ್ಕಳು ಓದುವಂಥದ್ದಲ್ಲ ಎಂದು ಅವರು ಬಚ್ಚಿಟ್ಟ ಪತ್ರಿಕೆಯನ್ನು ಹಾಸಿಗೆ ಕೊಡವುವ ನೆಪದಲ್ಲಿ ನಾನೂ ಓದುತ್ತಿದ್ದೆ, ನನಗಿಂತ ಮುಂಚೆ ಅತ್ತೆಯೂ ಓದುತ್ತಿದ್ದರು. ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ, ಅಷ್ಟೆ.

ಇಷ್ಟೆಲ್ಲ ಓದಿ ನಾನು ಕಲಿತದ್ದೇನು? ದೊಡ್ಡವರು ತಪ್ಪು ಮಾಡುತ್ತಾರೆ, ಪತ್ರಿಕೆಯವರು ಹಿಡಿಯುತ್ತಾರೆ, ದೊಡ್ಡವರು ರಾಜೀನಾಮೆ ಕೊಡುತ್ತಾರೆ, ಕತೆ ಮುಗಿಯುತ್ತದೆ. ಹಾಗೆಂದೇ ತಿಳಿದಿದ್ದೆ. ಅದು ತಪ್ಪು ಎಂದು ನನಗೆ ತಿಳಿಸಿಕೊಟ್ಟವರು ಅಕ್ಷರ ಬಾರದ ಒಬ್ಬ ಹೂವಿನಜ್ಜಿ. ಆ ಕತೆಯನ್ನು ಹೇಳಲು ಇಂದಿಗೂ ನನಗೆ ನಾಚಿಕೆ. ಆದರೂ ಹೇಳುತ್ತೇನೆ.

2000ದ ಸುಮಾರಿಗೆ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದಾಗ ಊರೂರಿನಲ್ಲೂ ಹೆಂಗಸರ ಗುಂಪುಗಳಾದವು. ನಮ್ಮ ಬೀದಿಯಲ್ಲೂ ಹದಿನೆಂಟು ಜನ ಸೇರಿ ಒಂದು ಸಂಘ ಕಟ್ಟಿಕೊಂಡೆವು. ವಾರಕ್ಕೆ ಒಬ್ಬೊಬ್ಬರು 10 ರೂಪಾಯಿ ಉಳಿತಾಯ. ಮಂಗಳವಾರ ಸಂಜೆ ಸಭೆ. ಸಾಲ ಬೇಕಾದವರು ಸಭೆಯಲ್ಲಿ ಕೇಳಬೇಕು, ಎಲ್ಲರೂ ಒಪ್ಪಿದರೆ ಕೊಡುವುದು. ನಾನು ಎಸ್ಸೆಸ್ಸೆಲ್ಸಿ ಓದಿದವಳು, ಮೇಷ್ಟ್ರ ಹೆಂಡತಿ ಬೇರೆ. ಹಾಗಾಗಿ ನಾನೇ ಪ್ರತಿನಿಧಿ. ನಡಾವಳಿ ಪುಸ್ತಕ, ಲೆಕ್ಕದ ಪುಸ್ತಕ, ಹಣದ ಪೆಟ್ಟಿಗೆ, ಪೆಟ್ಟಿಗೆಯ ಬೀಗದಕೈ, ನಾಲ್ಕೂ ನಮ್ಮ ಮನೆಯಲ್ಲಿ. ತಿಂಗಳಿಗೊಮ್ಮೆ ಬ್ಯಾಂಕಿಗೆ ಕಟ್ಟಿ ಬರುತ್ತಿದ್ದೆ. ಬೀದಿಯಲ್ಲಿ ನಡೆದರೆ ನಾಲ್ಕು ಜನ "ಅಕ್ಕಾ" ಎಂದು ಮಾತನಾಡಿಸುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನನಗೂ ಸ್ವಲ್ಪ ಕೊಂಬು ಬಂದಿತ್ತು.

2003ರ ಜೂನ್. ನಮ್ಮ ಹುಡುಗನನ್ನು ಪಿಯುಸಿಗೆ ಸೇರಿಸಬೇಕಿತ್ತು. ತಿಂಗಳ ಕೊನೆ. ಫೀಸು ಕಟ್ಟಲು ನಾಳೆಯೇ ಕಡೆಯ ದಿನ, 600 ರೂಪಾಯಿ ಕಡಿಮೆ. ಸಂಘದ ಪೆಟ್ಟಿಗೆ ಗೋಡೆಗೂಡಿನಲ್ಲಿತ್ತು. ತೆಗೆದುಕೊಂಡೆ. ನಾಲ್ಕು ದಿನದ ಮಾತು, ಸಂಬಳ ಬಂದ ಕೂಡಲೇ ಇಟ್ಟುಬಿಟ್ಟರಾಯಿತು ಎಂದುಕೊಂಡೆ. ಸಭೆಯಲ್ಲಿ ಕೇಳಿದ್ದರೆ ಹದಿನೆಂಟು ಜನರಲ್ಲಿ ಒಬ್ಬರೂ ಬೇಡವೆನ್ನುತ್ತಿರಲಿಲ್ಲ. ಆದರೆ ಕೈಚಾಚಿ ಕೇಳಲು ಮೇಷ್ಟ್ರ ಹೆಂಡತಿಗೆ ಮರ್ಯಾದೆಯ ಪ್ರಶ್ನೆ! ಸಂಬಳ ಬಂತು. ಅಂಗಡಿ ಬಾಕಿ, ಹಾಲಿನ ಬಾಕಿ ಎಂದು ಕರಗಿತು. ನಾಲ್ಕು ದಿನ ಹತ್ತು ದಿನವಾಯಿತು. ಮೊದಲ ಎರಡು ದಿನ ಮನಸ್ಸು ಚುಚ್ಚುತ್ತಿತ್ತು. ಆಮೇಲೆ ಅದೂ ನಿಂತಿತು. ಹೆದರಿಕೆ ಹುಟ್ಟಿಸುವುದು ಇದೇ ನೋಡಿ. ಕದಿಯಬೇಕೆಂದು ಯಾರೂ ಹೊರಡುವುದಿಲ್ಲ. ಕೈಬದಲು ಎಂದುಕೊಂಡು ಹೊರಡುತ್ತಾರೆ.

ಆ ಮಂಗಳವಾರ ಸಭೆಯಲ್ಲಿ ನಮ್ಮ ಕಡೆಯ ಮನೆಯವಳು ಅಳುತ್ತಾ ಬಂದಳು. ಮಗಳಿಗೆ ಹೆರಿಗೆ ಕಷ್ಟವಾಗಿದೆ, ಆಸ್ಪತ್ರೆಗೆ 3,000 ರೂಪಾಯಿ ಬೇಕು, ಈಗಲೇ ಬೇಕು. ಎಲ್ಲರೂ ಒಪ್ಪಿದರು. ಪೆಟ್ಟಿಗೆ ತೆರೆದೆ. ಎಣಿಸಿದರೆ 2,540.

"ಇಷ್ಟೇ ಇರೋದು" ಎಂದೆ. ದನಿ ನನ್ನದೇ ಅನ್ನಿಸಲಿಲ್ಲ.

ಕಂಬಕ್ಕೆ ಒರಗಿ ಹೂ ಕಟ್ಟುತ್ತಿದ್ದ ಅಜ್ಜಿ ತಲೆ ಎತ್ತಲಿಲ್ಲ. ಕೈಯೂ ನಿಲ್ಲಲಿಲ್ಲ. "ಹದ್ನೆಂಟು ಜನ, ನಾಕು ವಾರ, ಏಳ್ನೂರಿಪ್ಪತ್ತು. ಸಾಲದ ಕಂತು ಬಂದಿದ್ದು ಎಲ್ಡು ಸಾವ್ರದ ನಾನೂರಿಪ್ಪತ್ತು. ಮೂರು ಸಾವ್ರದ ನೂರಾ ನಲವತ್ತು ಆಗ್ಬೇಕಲ್ಲಮ್ಮ. ಇನ್ನಾರ್ನೂರು ಎಲ್ಲೋಯ್ತು?" ಮೊಳ ಹಾಕಿ ಹೂ ಮಾರುವ ಕೈ ಅದು, ಒಂದು ಗೇಣು ತಪ್ಪುವುದಿಲ್ಲ.

ಆಗ ನಾನು ಆಡಿದ ಮಾತುಗಳನ್ನು ಈಗ ನೆನೆದರೆ, ಹುಳುವಿನ ತಟ್ಟೆಯಲ್ಲಿ ಓದಿದ ಎಲ್ಲ ಮಂತ್ರಿಗಳೂ ನನ್ನ ಬಾಯಲ್ಲಿ ಕೂತಿದ್ದರು ಅನ್ನಿಸುತ್ತದೆ. ಮೊದಲು, "ನನ್ನ ಮೇಲೇ ಅನುಮಾನವಾ?" ಎಂದೆ. ಆಮೇಲೆ, "ನಿಮಗೆ ಯಾರೋ ಹೇಳಿಕೊಟ್ಟಿದ್ದಾರೆ" ಎಂದೆ. ವಿರೋಧಿಗಳ ಪಿತೂರಿ ಎನ್ನುವುದಕ್ಕೆ ನಮ್ಮ ಬೀದಿಯ ಭಾಷೆ ಅದು. ಕಡೆಗೆ ಬೀಗದಕೈ ನೆಲಕ್ಕೆ ಹಾಕಿ, "ಇಷ್ಟು ವರ್ಷ ಬಿಟ್ಟಿ ದುಡಿದಿದ್ದಕ್ಕೆ ಇದಾ ಬಹುಮಾನ? ನನಗೆ ಈ ಪ್ರತಿನಿಧಿ ಕೆಲಸವೇ ಬೇಡ, ಬಿಟ್ಟೆ" ಎಂದು ಎದ್ದು ನಿಂತೆ. ಒಳಗೊಳಗೇ ಹಾಯೆನಿಸಿತು. ರಾಜೀನಾಮೆ ಕೊಟ್ಟೆನಲ್ಲ, ಇನ್ನೇನು ಮಾಡಬೇಕು? ಹೆಗಡೆಯವರ ಹಾಗೆ ತಲೆ ಎತ್ತಿಕೊಂಡೇ ಮನೆಗೆ ಹೋಗಬಹುದು.

ಅಜ್ಜಿ ಆಗ ಹೂವಿನ ದಾರ ಕೆಳಗಿಟ್ಟರು. "ಬಿಡೋದು ಆಮೇಲೆ ಬಿಡೀವಂತೆ. ಕೂತ್ಕೋ. ಮೊದ್ಲು ಲೆಕ್ಕ ಹೇಳಮ್ಮ" ಎಂದರು. ಕೋಪವಿರಲಿಲ್ಲ. ಬಸ್ಸಿಗೆ ಹೊತ್ತಾಯಿತು ಎನ್ನುವಷ್ಟು ಸಾದಾ ದನಿ.

ಕೂತೆ. ಹೇಳಿದೆ. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ. ಆ ಸಂಜೆಯೇ ನಮ್ಮ ಯಜಮಾನರು ಅವರಿವರಲ್ಲಿ ಕೇಳಿ 600 ತಂದುಕೊಟ್ಟರು. 3,000 ಆಸ್ಪತ್ರೆಗೆ ಹೋಯಿತು. ದೇವರ ದಯೆ, ತಾಯಿ ಮಗು ಉಳಿದುಕೊಂಡರು. ಉಳಿಯದೆ ಹೋಗಿದ್ದರೆ? ಆ ರಾತ್ರಿಯಿಡೀ ನನ್ನನ್ನು ಮಲಗಗೊಡದಿದ್ದುದು ಆ ಪ್ರಶ್ನೆ. ಸಂಘದ ದುಡ್ಡು ಎಂದರೆ ಬರೀ ದುಡ್ಡಲ್ಲ, ಯಾರದೋ ಒಂದು ರಾತ್ರಿಯ ಆಸರೆ ಎಂದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ.

ಸಭೆ ನನಗೆ 50 ರೂಪಾಯಿ ದಂಡ ಹಾಕಿತು. ನಡಾವಳಿ ಬರೆಯಬೇಕು. ಬರೆಯುವವರು ಯಾರು? ಅಕ್ಷರ ಚೆನ್ನಾಗಿರುವವಳು ನಾನೇ! "ಪ್ರತಿನಿಧಿಯವರು ಸಂಘದ 600 ರೂಪಾಯಿಗಳನ್ನು ಸಭೆಗೆ ತಿಳಿಸದೆ ಸ್ವಂತಕ್ಕೆ ಬಳಸಿಕೊಂಡಿದ್ದು, ಈ ದಿನ ಹಿಂತಿರುಗಿಸಿರುತ್ತಾರೆ" ಎಂದು ನನ್ನ ಕೈಯಿಂದಲೇ ಬರೆದೆ. ಹದಿನೆಂಟು ಸಹಿ, ಹೆಬ್ಬೆಟ್ಟು. ಅಂದಿನಿಂದ ಪುಸ್ತಕ ಒಬ್ಬರ ಮನೆ, ಪೆಟ್ಟಿಗೆ ಇನ್ನೊಬ್ಬರ ಮನೆ, ಬೀಗದಕೈ ಮತ್ತೊಬ್ಬರ ಮನೆ. ನನ್ನನ್ನು ತೆಗೆಯಲಿಲ್ಲ, ಪುಸ್ತಕ ನನ್ನ ಬಳಿಯೇ ಉಳಿಯಿತು. "ಒಂದ್ಸಲ ಸುಟ್ಟ ಕೈ ಸರಿಯಾಗಿ ಬರೀತದೆ" ಎಂದರು ಅಜ್ಜಿ.

ನಿಜವಾದ ಶಿಕ್ಷೆ ಆಮೇಲೆ ಶುರುವಾಯಿತು. ನಲ್ಲಿಯ ಬಳಿ 600 ರೂಪಾಯಿ 6,000ವಾಯಿತು. ವಾರ ಕಳೆಯುವುದರಲ್ಲಿ ನಾನು ಎರಡೆಳೆ ಸರ ಮಾಡಿಸಿಕೊಂಡಿದ್ದೆನಂತೆ. ಹತ್ತು ದಿನಕ್ಕೆ ಸುದ್ದಿ ದೊಡ್ಡಬಳ್ಳಾಪುರದ ನನ್ನ ತವರು ಮುಟ್ಟಿತು. ಅಮ್ಮ ಬಸ್ಸು ಹಿಡಿದು ಬಂದು ಸುಮ್ಮನೆ ನನ್ನ ಕತ್ತು ನೋಡಿದರು. ಗೋಡೆಗಳು ಸಾಲದೇ ಎಂದು ನಕ್ಕಿದ್ದವಳಿಗೆ ಗೋಡೆಗಳ ಶಕ್ತಿ ಈಗ ಗೊತ್ತಾಯಿತು. ಹೆಂಗಸಿನ ಮೇಲೆ ಮಾತು ಬಂದರೆ ಅದು ದುಡ್ಡಿನ ಮಾತಾಗಿ ಉಳಿಯುವುದಿಲ್ಲ, ಸೀರೆ, ನಡತೆ, ಹೆತ್ತವರು ಎಂದು ಎಲ್ಲಿಂದೆಲ್ಲಿಗೋ ಹರಿಯುತ್ತದೆ. ನಿಮಗೆ ನಾನು ಹೇಳಬೇಕೇ?

ಅದನ್ನು ನಿಲ್ಲಿಸಿದ್ದೂ ಹೂವಿನಜ್ಜಿಯೇ. ಒಂದು ಬೆಳಿಗ್ಗೆ ನಮ್ಮ ಮನೆಗೆ ಬಂದು ನಡಾವಳಿ ಪುಸ್ತಕ ಇಸಿದುಕೊಂಡರು. ನಲ್ಲಿಯ ಹತ್ತಿರ ಶಾಲೆಗೆ ಹೋಗುತ್ತಿದ್ದ ಒಬ್ಬ ಹುಡುಗಿಯನ್ನು ನಿಲ್ಲಿಸಿ, ಆ ಪುಟ ಓದಿಸಿದರು. "ಆರ್ನೂರು ತಗಂಡ್ಳು, ಆರ್ನೂರು ಕೊಟ್ಳು, ಐವತ್ತು ದಂಡ ಕಟ್ಟಿದ್ಳು. ಇದ್ರ ಮೇಲೆ ಒಂದು ರೂಪಾಯಿ ಸೇರ್ಸೋರಿದ್ರೆ ಸಭೆಗೆ ಬಂದು ಸೇರ್ಸಿ" ಎಂದರಂತೆ. ಮಾತು ಅಲ್ಲಿಗೇ ನಿಲ್ಲಲಿಲ್ಲ, ಆದರೆ ಸವೆಯುತ್ತಾ ಬಂತು. ಯಾವ ಸಾಲನ್ನು ಬರೆಯುವಾಗ ಭೂಮಿ ಬಾಯಿಬಿಡಬಾರದೇ ಎನಿಸಿತ್ತೋ, ಆ ಸಾಲೇ ನನ್ನ ಮಾನ ಕಾಪಾಡಿತು. ಮುನಿಸಿಕೊಂಡು ಎದ್ದು ಹೋಗಿದ್ದರೆ ಇವತ್ತಿಗೂ ನಾನು 6,000 ನುಂಗಿದವಳೇ.

ಅಲ್ಲಿಂದ ಮುಂದೆ ನಾನು ಪತ್ರಿಕೆ ಓದುವ ರೀತಿ ಬದಲಾಯಿತು. ಯಾರು ರಾಜೀನಾಮೆ ಕೊಟ್ಟರು ಎಂದು ನೋಡುವುದು ಬಿಟ್ಟೆ. ಲೆಕ್ಕ ಎಲ್ಲಿಗೆ ಬಂತು ಎಂದು ಹುಡುಕತೊಡಗಿದೆ.

2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ಬಳ್ಳಾರಿ ಕಡೆಯ ಅಕ್ರಮ ಗಣಿಗಾರಿಕೆಯ ಬಗ್ಗೆ ವರದಿ ಒಪ್ಪಿಸಿದರು. ರಾಜ್ಯಕ್ಕೆ ಆದ ನಷ್ಟ 16,000 ಕೋಟಿ ರೂಪಾಯಿಗೂ ಹೆಚ್ಚು ಎಂದಿತ್ತು ಅದು. ಮುಖ್ಯಮಂತ್ರಿ ಯಡಿಯೂರಪ್ಪನವರ ಹೆಸರೂ ಅದರಲ್ಲಿತ್ತು. ಜುಲೈ 31ಕ್ಕೆ ಅವರು ರಾಜೀನಾಮೆ ಕೊಟ್ಟರು. ಆ ಹೊತ್ತಿಗೆ ನಮ್ಮ ಮನೆಯಲ್ಲಿ ಟೀವಿ ಬಂದಿತ್ತು. ದಿನವಿಡೀ ಅದೇ. ಹೂ ಕೊಡಲು ಬಂದ ಅಜ್ಜಿ ಹೊಸಿಲ ಮೇಲೆ ಕೂತು ಸ್ವಲ್ಪ ಹೊತ್ತು ನೋಡಿ, "ಅದೆಷ್ಟಮ್ಮ ದುಡ್ಡು?" ಎಂದರು. 16,000 ಕೋಟಿ ಎಂದೆ. ಸೊನ್ನೆಗಳನ್ನು ಬೆರಳಲ್ಲಿ ಎಣಿಸಲು ಹೋಗಿ ಬಿಟ್ಟರು. "ಹೋಗ್ಲಿ ಬಿಡು. ಪೆಟ್ಗೆಗೆ ವಾಪಸ್ ಬಂತಾ?" ಎಂದು ಕೇಳಿದರು. ಟೀವಿಯಲ್ಲಿ ಅಷ್ಟೊಂದು ಜನ ಮಾತನಾಡುತ್ತಿದ್ದರು. ಆ ಪ್ರಶ್ನೆಯನ್ನು ಯಾರಾದರೂ ಕೇಳಿಯಾರೆಂದು ಕಾದೆ. ನಾನು ನೋಡಿದಷ್ಟು ಹೊತ್ತು ಯಾರೂ ಕೇಳಲಿಲ್ಲ.

ಮುಂದಿನದನ್ನೂ ಹೇಳಬೇಕು, ಇಲ್ಲದಿದ್ದರೆ ನಾನೂ ನಲ್ಲಿಯ ಬಳಿಯವಳೇ ಆಗುತ್ತೇನೆ. ಗಣಿ ಕಂಪನಿಯಿಂದ ಲಂಚ ಪಡೆದರೆಂಬ ಮೊಕದ್ದಮೆಯಲ್ಲಿ ಯಡಿಯೂರಪ್ಪನವರನ್ನು 2016ರ ಅಕ್ಟೋಬರ್‌ನಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಬಿಡುಗಡೆ ಮಾಡಿತು. ಅವರು ಮತ್ತೆ ಮುಖ್ಯಮಂತ್ರಿಯೂ ಆದರು. 2011ರ ರಾಜೀನಾಮೆ ಎಲ್ಲರಿಗೂ ನೆನಪಿದೆ. 2016ರ ತೀರ್ಪು ನಮ್ಮ ಬೀದಿಯಲ್ಲಿ ಎಷ್ಟು ಜನಕ್ಕೆ ನೆನಪಿದೆ? ಆರೋಪ ಮಾಡುವ ದಿನ ಡೋಲು, ಲೆಕ್ಕ ಮುಗಿಯುವ ದಿನ ಒಳಪುಟದ ಮೂಲೆ. ಇದರಿಂದ ತಪ್ಪು ಮಾಡಿದವನಿಗೆ ಅನುಕೂಲ, ಮಾಡದವನಿಗೆ ಅನ್ಯಾಯ.

2012ರ ಫೆಬ್ರವರಿಯಲ್ಲಿ ವಿಧಾನಸಭೆ ನಡೆಯುತ್ತಿದ್ದಾಗಲೇ ಮೊಬೈಲಿನಲ್ಲಿ ಅಶ್ಲೀಲ ಚಿತ್ರ ನೋಡಿದ್ದು ಟೀವಿ ಕ್ಯಾಮರಾಕ್ಕೆ ಸಿಕ್ಕಿ, ಮೂವರು ಮಂತ್ರಿಗಳು ರಾಜೀನಾಮೆ ಕೊಟ್ಟದ್ದು ನಿಮಗೆ ನೆನಪಿರಬಹುದು. ಕ್ಯಾಮರಾ ಇಲ್ಲದಿದ್ದರೆ ಅದು ನಮಗೆ ಗೊತ್ತೇ ಆಗುತ್ತಿರಲಿಲ್ಲ. ಅಷ್ಟರಮಟ್ಟಿಗೆ ಪತ್ರಿಕೆಯವರಿಗೂ ಟೀವಿಯವರಿಗೂ ನಾವು ಋಣಿ. ಆದರೆ ಅದೇ ದೃಶ್ಯವನ್ನು ಮತ್ತೆ ಮತ್ತೆ ತೋರಿಸಿದಾಗ, ಊಟಕ್ಕೆ ಕೂತ ಮಕ್ಕಳ ಮುಂದೆ ನಾನು ಟೀವಿ ಆರಿಸಬೇಕಾಯಿತು. ಕೇಳುವುದು ಬೇರೆ, ಕೆದಕುವುದು ಬೇರೆ.

ಇನ್ನು ಲೋಕಾಯುಕ್ತದ ಕತೆ. 1984ರ ಕಾಯಿದೆಯಿಂದ ಹುಟ್ಟಿದ ಸಂಸ್ಥೆ. ನ್ಯಾಯಮೂರ್ತಿ ವೆಂಕಟಾಚಲ ಅವರ ಕಾಲದಲ್ಲಿ ಆಸ್ಪತ್ರೆ, ಕಚೇರಿಗಳಿಗೆ ದಿಢೀರನೆ ನುಗ್ಗಿ ತಪಾಸಣೆ ಮಾಡುತ್ತಿದ್ದುದನ್ನು ನಾವು ಸಿನಿಮಾ ನೋಡುವಂತೆ ನೋಡಿದ್ದೆವು. ಆ ಕಚೇರಿಯಲ್ಲೇ ಸುಲಿಗೆ ನಡೆದಿದೆ ಎಂಬ ಆರೋಪ ಬಂದು, ಆಗಿನ ಲೋಕಾಯುಕ್ತರು 2015ರ ಡಿಸೆಂಬರ್‌ನಲ್ಲಿ ರಾಜೀನಾಮೆ ಕೊಡಬೇಕಾಯಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆ ನೆನಪಾಯಿತು. 2016ರಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳ ಎಂಬ ಹೊಸ ಬೇಲಿ ಹಾಕಿತು. 2022ರ ಆಗಸ್ಟ್‌ನಲ್ಲಿ ಹೈಕೋರ್ಟು ಅದನ್ನು ರದ್ದು ಮಾಡಿ, ಅಧಿಕಾರವನ್ನು ಮತ್ತೆ ಲೋಕಾಯುಕ್ತಕ್ಕೇ ಕೊಟ್ಟಿತು. ಪೆಟ್ಟಿಗೆಯ ಬೀಗದಕೈ ಯಾರ ಬಳಿ ಇರಬೇಕು ಎಂಬ ಜಗಳ ನಮ್ಮ ಸಂಘದಲ್ಲಿ ಒಂದು ಸಂಜೆಗೆ ಮುಗಿದಿತ್ತು!

ದೊಡ್ಡ ರಾಜ್ಯ, ಕೋಟಿಗಟ್ಟಲೆ ಜನ, ನಮ್ಮ ಸಂಘದ ಹಾಗೆ ಆಗುತ್ತದೆಯೇ ಎಂದು ನಮ್ಮ ಯಜಮಾನರು ಕೇಳುತ್ತಾರೆ. ಅವರೇ ಒಮ್ಮೆ ಐಸ್‌ಲ್ಯಾಂಡ್ ಎಂಬ ದೇಶದ ಸುದ್ದಿ ಓದಿ ಹೇಳಿದ್ದರು. ಆಗ ಅಲ್ಲಿ ಮೂರೂಕಾಲು ಲಕ್ಷದ ಆಸುಪಾಸಿನ ಜನರಿದ್ದರು, ನಮ್ಮ ಒಂದೆರಡು ತಾಲೂಕಿನಷ್ಟು. 2008ರಲ್ಲಿ ಅಲ್ಲಿಯ ಬ್ಯಾಂಕುಗಳು ಮುಳುಗಿದಾಗ ಜನ ಅಡುಗೆಮನೆಯ ಪಾತ್ರೆ, ಸೌಟು ಹಿಡಿದು ಪಾರ್ಲಿಮೆಂಟಿನ ಮುಂದೆ ಬಡಿದರಂತೆ. 2009ರ ಜನವರಿಯಲ್ಲಿ ಸರ್ಕಾರ ಬಿತ್ತು. ಆದರೆ ಅವರು ಅಷ್ಟಕ್ಕೇ ಪಾತ್ರೆ ತೊಳೆದಿಟ್ಟು ಮಲಗಲಿಲ್ಲ. ಏನಾಯಿತೆಂದು ತನಿಖಾ ಆಯೋಗದಿಂದ ವರದಿ ಬರೆಸಿದರು, ಮಾಜಿ ಪ್ರಧಾನಿಯನ್ನು ವಿಚಾರಣೆಗೆ ನಿಲ್ಲಿಸಿದರು. 2016ರಲ್ಲಿ ಇನ್ನೊಬ್ಬ ಪ್ರಧಾನಿಯ ಕುಟುಂಬದ ಹಣ ಹೊರದೇಶದ ಕಂಪನಿಯಲ್ಲಿರುವುದನ್ನು ಪತ್ರಿಕೆಗಳು ಹೊರಗೆಳೆದಾಗ, ಮತ್ತೆ ಬೀದಿಗೆ ಬಂದರು. ಆತ ಕೆಲವೇ ದಿನಗಳಲ್ಲಿ ಇಳಿದ. ಪಾತ್ರೆ ನಮ್ಮಲ್ಲೂ ಇವೆ. ಬಡಿದಾದ ಮೇಲೆ ಪುಸ್ತಕ ತರಿಸಿ ಓದುವ ತಾಳ್ಮೆ ನಮಗೆ ಸಾಲದು.

ಹಾಗೆಂದು ನಮಗೆ ದಾರಿಯೇ ಇಲ್ಲ ಎನ್ನಬೇಡಿ. ಮಾಹಿತಿ ಹಕ್ಕು ಕಾಯಿದೆ 2005ರಲ್ಲಿ ಬಂದಿದೆ, ಹತ್ತು ರೂಪಾಯಿ ಕಟ್ಟಿ ಕೇಂದ್ರದ್ದೋ ರಾಜ್ಯದ್ದೋ ಸರ್ಕಾರಿ ಕಚೇರಿಯಿಂದ ಲೆಕ್ಕ ಕೇಳಬಹುದು. ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ಎಂದು ಮಾಡುತ್ತಾರೆ. ಆ ವರ್ಷದ ಜಮಾ ಖರ್ಚು, ಕಾಮಗಾರಿಗಳನ್ನು ಜನರೆದುರು ಇಡಬೇಕು. ಗ್ರಾಮಸಭೆಯಲ್ಲಿ ಯಾರು ಬೇಕಾದರೂ ಎದ್ದು ಕೇಳಬಹುದು. ನಾವು ಹೆಂಗಸರು ಅಲ್ಲಿಗೆ ಹೋದರೂ ಹಿಂದಿನ ಸಾಲಿನಲ್ಲಿ ಕೂತು ಸೆರಗು ಸರಿ ಮಾಡಿಕೊಂಡು ಬರುತ್ತೇವೆ. ಸೊಪ್ಪಿನವಳ ಹತ್ತಿರ ಒಂದು ಕಂತೆಗೆ ಐದು ನಿಮಿಷ ಚೌಕಾಸಿ ಮಾಡುವ ನಾಲಿಗೆ ಚರಂಡಿಯ ಬಿಲ್ಲಿನ ಮುಂದೆ ಯಾಕೆ ಒಣಗಬೇಕು? ಕೇಳುವಾಗ ಒಂದು ಮಾತ್ರ ನೆನಪಿರಲಿ. ಯಾರ ಮನೆಯವಳು, ಎಂಥ ಸೀರೆ ಉಟ್ಟಳು ಎಂದು ಕೇಳಬೇಡಿ. ಎಷ್ಟು ಬಂತು, ಎಲ್ಲಿ ಹೋಯಿತು, ಉಳಿದದ್ದೆಲ್ಲಿ ಎಂದು ಕೇಳಿ. ಉತ್ತರ ಬಂದ ಮೇಲೆ ಅದನ್ನೂ ನಾಲ್ಕು ಜನಕ್ಕೆ ಹೇಳಿ.

ಹೂವಿನಜ್ಜಿ ಈಗಿಲ್ಲ. ಹುಳುವಿನ ಮನೆಯೂ ಇಲ್ಲ, ಅಲ್ಲಿ ಮಗ ಕಾರು ನಿಲ್ಲಿಸುತ್ತಾನೆ. ಆ ಹಳೆಯ ನಡಾವಳಿ ಪುಸ್ತಕ ನನ್ನ ಟ್ರಂಕಿನಲ್ಲಿದೆ. ಸಂಘದವರು ಹೊಸ ಪುಸ್ತಕ ಮಾಡಿದಾಗ ಹಳೆಯದನ್ನು ನಾನೇ ಕೇಳಿ ಇಟ್ಟುಕೊಂಡೆ.

ಮೊನ್ನೆ ಸೊಸೆ ಬಂದು, "ಅತ್ತೇ, ಹಾಲಿನವರಿಗೆ ಅಂತ ಇಟ್ಟಿದ್ದರಲ್ಲಿ ಇನ್ನೂರು ಕಡಿಮೆ ಇದೆಯಲ್ಲ, ನೀವೇನಾದರೂ ತಗೊಂಡ್ರಾ?" ಎಂದಳು. ಒಂದು ಕ್ಷಣ ಮೈ ಉರಿಯಿತು. ಈ ವಯಸ್ಸಿನಲ್ಲಿ ನನ್ನನ್ನು ಕೇಳುವುದೇ, ಇದು ಇವಳ ತವರಿನವರು ಹೇಳಿಕೊಟ್ಟ ಮಾತು ಎಂದು ಬಾಯಿಗೂ ಬಂತು. ನುಂಗಿಕೊಂಡೆ.

"ಕೂತ್ಕೋಮ್ಮ" ಎಂದೆ. "ಗುರುವಾರ ನೂರಿಪ್ಪತ್ತು ಮಾತ್ರೆಗೆ ಹೋಯ್ತು. ಇನ್ನು ಎಂಬತ್ತು..." ಎಂಬತ್ತು ಎಲ್ಲಿ ಹೋಯಿತೆಂದು ಇಬ್ಬರೂ ಕೂತು ಅರ್ಧ ಗಂಟೆ ಲೆಕ್ಕ ಹಾಕಿದೆವು. ಕಡೆಗೂ ಸಿಕ್ಕಿತು. ಹೂವಿಗೆ ಕೊಟ್ಟಿದ್ದೆ.